ತೋಟ ಮಾರಿ ಉಪಗ್ರಹ ಕಟ್ಟಬಹುದಾ?

ಪ್ರಶ್ನೆ: ಸರ್, ನಾನು ಕೊಪ್ಪ ತಾಲ್ಲೂಕಿನವನು. ವಯಸ್ಸು 27, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಲೇಜಿನಲ್ಲಿದ್ದಾಗ ಮೂವರು ಗೆಳೆಯರು ಸೇರಿ ಒಂದು ಕ್ಯೂಬ್‌ಸ್ಯಾಟ್, ಅಂದರೆ ಅಂಗೈಯಗಲದ ಪುಟ್ಟ ಉಪಗ್ರಹ, ಮಾಡಿದ್ದೆವು. ಅದು ಹಾರಲಿಲ್ಲ, ಆದರೆ ಟೇಬಲ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಈಗ ಕೆಲಸ ಬಿಟ್ಟು ಸಣ್ಣ ಕಂಪನಿ ಶುರು ಮಾಡುವ ಯೋಚನೆ. ನಾಲ್ಕು ಪುಟ್ಟ ಉಪಗ್ರಹ ಹಾರಿಸಿ, ಮಲೆನಾಡಿನ ಅಡಿಕೆ ತೋಟಗಳ ಫೋಟೋ ದಿನಾ ತೆಗೆದು, ಎಲೆಚುಕ್ಕೆ ರೋಗ ಎಲ್ಲಿ ಶುರುವಾಗಿದೆ ಅಂತ ಬೆಳೆಗಾರರಿಗೆ ಮೊಬೈಲಿನಲ್ಲಿ ತಿಳಿಸುವುದು. ನಮ್ಮದು ಎರಡು ಎಕರೆ ತೋಟ. ಅಪ್ಪ ಒಂದು ಎಕರೆ ಮಾರಿ ದುಡ್ಡು ಕೊಡುತ್ತೇನೆ ಅಂತಾರೆ. ಇಸ್ರೋದವರು ಸಣ್ಣ ಉಪಗ್ರಹಗಳನ್ನು ಬಿಟ್ಟಿ ಹಾರಿಸಿಕೊಡುತ್ತಾರಂತೆ, ನಿಜವಾ? ಅನುಮತಿ ಯಾರ ಹತ್ತಿರ ತಗೋಬೇಕು? ಮೇಲೆ ಹೋದ ಮೇಲೆ ಕೆಟ್ಟರೆ ಏನು ಗತಿ? ಅಮ್ಮನದು ಒಂದೇ ಪ್ರಶ್ನೆ: ಅದು ಯಾರದಾದರೂ ತಲೆ ಮೇಲೆ ಬಿದ್ದರೆ?

ಉತ್ತರ:

ಮೊದಲು ತೋಟದ ವಿಷಯ ಮುಗಿಸೋಣ. ಮಾರಬೇಡಿ. ಒಂದು ಎಕರೆ ತೋಟದ ದುಡ್ಡು ನಾಲ್ಕು ಉಪಗ್ರಹಕ್ಕೆ ಸಾಲುವುದಿಲ್ಲ, ಒಂದಕ್ಕೂ ಸಾಲುವುದು ಕಷ್ಟ. ನೀವು ನಿಜವಾಗಿ ಮೊದಲು ಮಾಡಬೇಕಾದ ಕೆಲಸಕ್ಕೆ ಅಷ್ಟು ದುಡ್ಡೇ ಬೇಡ. ಅಪ್ಪನಿಗೆ ಇವತ್ತೇ ಫೋನ್ ಮಾಡಿ ಹೇಳಿ, ಆಮೇಲೆ ಉಳಿದದ್ದು ಓದಿ.

ಉಪಗ್ರಹಗಳನ್ನು ಜೋಡಿಸುವುದು, ಅಲುಗಾಡಿಸುವುದು, ಕಾಯಿಸುವುದು, ತಣ್ಣಗೆ ಮಾಡುವುದು, ಕೊನೆಗೆ ಇದು ಹಾರಬಹುದು ಅಂತ ಸಹಿ ಹಾಕುವುದು, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಾನು ಮಾಡಿದ್ದು ಇದೇ ಕೆಲಸ. ನಿಮ್ಮ ಪತ್ರದಂಥವು ನನಗೆ ಆಗಾಗ ಬರುತ್ತವೆ. ಹೆಚ್ಚಿನವರಿಗೆ ಉಪಗ್ರಹ ಕಟ್ಟಬೇಕು, ಅಷ್ಟೆ. ಅದು ಮೇಲೆ ಹೋಗಿ ಏನು ಮಾಡಬೇಕು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ನಿಮಗೆ ಅದು ಗೊತ್ತಿದೆ, ಅದು ನನಗೆ ಇಷ್ಟವಾಯಿತು. ಆದರೆ ಆ ಕೆಲಸಕ್ಕೂ ನೀವು ಆರಿಸಿಕೊಂಡ ಉಪಗ್ರಹಕ್ಕೂ ಹೊಂದುವುದಿಲ್ಲ. ಅನುಮತಿ ಸಿಗುತ್ತಾ, ಕೆಟ್ಟರೆ ಏನು ಅನ್ನುವುದು ನಿಮ್ಮ ಚಿಂತೆ. ನನ್ನ ಚಿಂತೆ ಬೇರೆ. ಎಲ್ಲವೂ ಸರಿಯಾಗಿ ನಡೆದು, ನಾಲ್ಕೂ ಉಪಗ್ರಹ ಮೇಲೆ ಹೋಗಿ, ನಾಲ್ಕೂ ಫೋಟೋ ಕಳಿಸಿದರೂ ನಿಮ್ಮ ಅಪ್ಪನ ತೋಟದ ಎಲೆಚುಕ್ಕೆ ಅದರಲ್ಲಿ ಕಾಣುವುದಿಲ್ಲ.

ಯಾಕೆ ಅಂತ ಲೆಕ್ಕ ಹಾಕೋಣ. ಕ್ಯೂಬ್‌ಸ್ಯಾಟ್ ಅಂದರೆ ಉದ್ದ, ಅಗಲ, ಎತ್ತರ ಎಲ್ಲವೂ ಹತ್ತು ಸೆಂಟಿಮೀಟರ್ ಇರುವ ಡಬ್ಬಿ, ನಿಮಗೆ ಗೊತ್ತೇ ಇದೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಮೇಷ್ಟ್ರು, ಜೋರ್ಡಿ ಪುಯಿಗ್-ಸುವಾರಿ ಮತ್ತು ಬಾಬ್ ಟ್ವಿಗ್ಸ್, ಹುಡುಗರು ಓದು ಮುಗಿಸಿ ಹೋಗುವುದರೊಳಗೆ ಒಂದು ಉಪಗ್ರಹ ಕಟ್ಟಿ ಮುಗಿಸಲಿ ಅಂತ ಈ ಅಳತೆ ಗೊತ್ತು ಮಾಡಿದರು. ಒಂದು ಡಬ್ಬಿ 1ಯು, ಮೂರು ಡಬ್ಬಿ ಒಂದರ ಮೇಲೊಂದು ಇಟ್ಟರೆ 3ಯು. ಈ ಡಬ್ಬಿಯ ಬಾಯಿಗೆ ಕೂರುವ ಲೆನ್ಸ್ ಎಷ್ಟೇ ದೊಡ್ಡದು ಅಂದರೂ ಹತ್ತು ಸೆಂಟಿಮೀಟರಿನ ಒಳಗೇ ಇರಬೇಕು. 500 ಕಿಲೋಮೀಟರ್ ಎತ್ತರದಿಂದ ನೋಡುವಾಗ ಅಂಥ ಲೆನ್ಸಿಗೆ ಸುಮಾರು 3 ಮೀಟರಿಗಿಂತ ಹತ್ತಿರ ಇರುವ ಎರಡು ವಸ್ತುಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಇದು ಕ್ಯಾಮೆರಾ ಮಾಡಿದವರ ತಪ್ಪಲ್ಲ. ಬೆಳಕಿನ ಗುಣವೇ ಹಾಗೆ, ಎಷ್ಟು ದುಡ್ಡು ಸುರಿದರೂ ಬದಲಾಗುವುದಿಲ್ಲ.

ಈಗ ತೋಟಕ್ಕೆ ಬನ್ನಿ. ಅಡಿಕೆ ನೆಡುವುದು ಒಂಬತ್ತು ಅಡಿ ಅಂತರಕ್ಕೆ, ಅಂದರೆ 2.7 ಮೀಟರ್. ನಿಮ್ಮ ಅತ್ಯುತ್ತಮ ಫೋಟೋದಲ್ಲಿ ಒಂದು ಮರಕ್ಕೆ ಒಂದೇ ಒಂದು ಚುಕ್ಕಿ. ಆ ಚುಕ್ಕಿಯೊಳಗೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಇದೆ, ಕೆಳಗೆ ಬಾಳೆ, ಏಲಕ್ಕಿ, ಕಾಫಿ ಇದೆ, ಪಕ್ಕದ ಮರದ ಸೋಗೆಯ ತುದಿ ಇದೆ, ಎಲ್ಲದರ ನೆರಳೂ ಇದೆ. ಎಲೆಚುಕ್ಕೆ ಸಾಮಾನ್ಯವಾಗಿ ಶುರುವಾಗುವುದು ಕೆಳಗಿನ ಸೋಗೆಗಳಲ್ಲಿ, ಮೇಲಿನ ಹಸಿರು ಸೋಗೆಗಳು ಅದನ್ನು ಮುಚ್ಚಿಕೊಂಡಿರುತ್ತವೆ. ಮೇಲಿಂದ ನೋಡುವ ಕಣ್ಣಿಗೆ ಅದು ಕಾಣುವ ಹೊತ್ತಿಗೆ ಕೆಳಗೆ ಅಂಗಳದಲ್ಲಿ ನಿಂತ ನಿಮ್ಮ ಅಪ್ಪನಿಗೆ ಎಷ್ಟೋ ದಿನದ ಹಿಂದೆಯೇ ಗೊತ್ತಾಗಿರುತ್ತದೆ.

ಇನ್ನೊಂದು ತೊಡಕು ಮಳೆ. ರೋಗ ಜೋರಾಗುವುದೇ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಪ್ಪ, ಶೃಂಗೇರಿ, ಆಗುಂಬೆ ಕಡೆಯನ್ನು ಮೇಲಿಂದ ನೋಡಿದರೆ ಹತ್ತಿ ಹರಡಿದ ಹಾಗೆ ಬರೀ ಬಿಳಿ. ರೇಡಾರ್ ಉಪಗ್ರಹಕ್ಕೆ ಮೋಡ ಅಡ್ಡಿಯಲ್ಲ, ನಿಜ, ಆದರೆ ಅದು ಎಲೆಯ ಬಣ್ಣ ನೋಡುವುದಿಲ್ಲ, ಆಕಾರ ಮತ್ತು ತೇವ ನೋಡುತ್ತದೆ. ಅದಕ್ಕೆ ಬೇಕಾದ ಕರೆಂಟಂತೂ ನಿಮ್ಮ ಡಬ್ಬಿಯಲ್ಲಿ ಹುಟ್ಟುವುದಿಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹೋದ ನಿಸಾರ್ ರೇಡಾರ್ ಉಪಗ್ರಹದ ತೂಕ 2,392 ಕೆಜಿ. 1ಯು ಡಬ್ಬಿಯ ಮೈಗೆ ಅಂಟಿಸಿದ ಸೋಲಾರ್ ಸೆಲ್‌ಗಳಿಂದ ಸರಾಸರಿ ಸಿಗುವುದು ಒಂದೆರಡು ವ್ಯಾಟ್, ದೇವರ ಮನೆಯ ಪುಟ್ಟ ಎಲ್‌ಇಡಿ ಬಲ್ಬಿನಷ್ಟು. ಅದರಲ್ಲೇ ಕಂಪ್ಯೂಟರ್ ಓಡಬೇಕು, ರೇಡಿಯೋ ಮಾತಾಡಬೇಕು, ಬ್ಯಾಟರಿ ತುಂಬಬೇಕು.

"ದಿನಾ ಫೋಟೋ" ಅಂದಿರಿ. ಉಪಗ್ರಹ ನಮ್ಮ ತಾಲ್ಲೂಕಿನ ಮೇಲೆ ನಿಂತುಕೊಂಡು ನೋಡುತ್ತಿರುತ್ತದೆ ಅನ್ನುವ ಕಲ್ಪನೆ ಓದಿದವರಲ್ಲೂ ಇದೆ. ಅದು ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುತ್ತಿರುತ್ತದೆ. 95 ನಿಮಿಷಕ್ಕೆ ಒಂದು ಸುತ್ತು, ದಿನಕ್ಕೆ 15 ಸುತ್ತು, ಅಷ್ಟರಲ್ಲಿ ಕೆಳಗೆ ಭೂಮಿಯೂ ತಿರುಗಿರುತ್ತದೆ. ಒಂದು ಸಲಕ್ಕೆ ಫೋಟೋ ತೆಗೆಯುವುದು ಇಪ್ಪತ್ತೋ ಮೂವತ್ತೋ ಕಿಲೋಮೀಟರ್ ಅಗಲದ ಪಟ್ಟಿ. ಅದೇ ಪಟ್ಟಿ ಮತ್ತೆ ನಿಮ್ಮ ತೋಟದ ಮೇಲೆ ಬೀಳಲು ವಾರಗಳೇ ಬೇಕು. ಇಡೀ ಭೂಮಿಯ ಫೋಟೋ ದಿನಾ ತೆಗೆಯಬೇಕು ಅಂತ ಹೊರಟ ಅಮೆರಿಕದ ಪ್ಲಾನೆಟ್ ಕಂಪನಿಗೆ ನೂರಕ್ಕೂ ಜಾಸ್ತಿ ಉಪಗ್ರಹ ಬೇಕಾಯಿತು. 2017ರ ಫೆಬ್ರವರಿ 15ರಂದು ನಮ್ಮ ಪಿಎಸ್‌ಎಲ್‌ವಿ ರಾಕೆಟ್ ಒಂದೇ ಸಲ 104 ಉಪಗ್ರಹ ಹೊತ್ತುಕೊಂಡು ಹೋಯಿತಲ್ಲ, ಅದರಲ್ಲಿ 88 ಇವರವೇ.

ತೆಗೆದ ಫೋಟೋ ಕೆಳಗೂ ಬರಬೇಕು ಅಲ್ವಾ? ಕಾಲೇಜು ಉಪಗ್ರಹಗಳಲ್ಲಿ ಹಾಕುವ ಸಾಧಾರಣ ರೇಡಿಯೋ ಸೆಕೆಂಡಿಗೆ 9,600 ಬಿಟ್ ಕಳಿಸುತ್ತದೆ. ಉಪಗ್ರಹ ಬೆಂಗಳೂರಿನ ಆಕಾಶ ದಾಟಲು ಹೆಚ್ಚೆಂದರೆ ಹತ್ತು ನಿಮಿಷ. ಒಂದಕ್ಷರ ನಷ್ಟವಾಗದೆ ಬಂದರೂ ಒಟ್ಟು 720 ಕಿಲೋಬೈಟ್. ವಾಟ್ಸಾಪಿನಲ್ಲಿ ಬರುವ ನಾಲ್ಕೈದು "ಶುಭೋದಯ" ಚಿತ್ರದಷ್ಟು! ವೇಗದ ರೇಡಿಯೋ ಇದೆ, ಅದಕ್ಕೆ ಜಾಸ್ತಿ ಕರೆಂಟು ಬೇಕು, ಆಂಟೆನಾ ಗುರಿ ಇಟ್ಟು ಹಿಡಿಯಬೇಕು, ಕೆಳಗೆ ದೊಡ್ಡ ಡಿಶ್ ಬೇಕು, ಬೇರೆ ಲೈಸೆನ್ಸ್ ಬೇಕು.

ಹಾಗಾದರೆ ತೋಟವನ್ನು ಮೇಲಿಂದ ನೋಡುವುದೇ ದಂಡವಾ? ಅಲ್ಲ. ಆದರೆ ನೋಡುವುದಕ್ಕೆ ನಿಮ್ಮದೇ ಉಪಗ್ರಹ ಬೇಕಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು 2015ರಿಂದ ಇವೆ, ಐದು ದಿನಕ್ಕೊಮ್ಮೆ ಹೊಸದು ಬರುತ್ತದೆ, ಒಂದು ಚುಕ್ಕಿ 10 ಮೀಟರ್, ಪೂರ್ತಿ ಉಚಿತ. ಹತ್ತು ಮೀಟರಿನ ಚೌಕದಲ್ಲಿ ಹದಿಮೂರು ಹದಿನಾಲ್ಕು ಅಡಿಕೆ ಮರ ಕೂರುತ್ತವೆ. ಒಂದು ಮರದ ಕಾಯಿಲೆ ಇದರಲ್ಲಿ ಗೊತ್ತಾಗದು. ಆದರೆ ತೋಟದ ಒಂದು ಮೂಲೆ ಪೂರಾ ಬಣ್ಣಗೆಟ್ಟಿದ್ದರೆ ಗೊತ್ತಾಗಬಹುದು. ಮಳೆ ಹೋದ ಮೇಲಿನ ಅಕ್ಟೋಬರ್, ನವೆಂಬರ್ ಚಿತ್ರಗಳನ್ನು ಇಳಿಸಿಕೊಳ್ಳಿ. ನಿಮ್ಮ ತೋಟದಿಂದಲೇ ಶುರು ಮಾಡಿ. ಯಾವ ವರ್ಷ ಯಾವ ಬದಿಗೆ ರೋಗ ಬಂದಿತ್ತು ಅಂತ ಅಪ್ಪನನ್ನು ಕೇಳಿ, ಮೊಬೈಲ್ ಹಿಡಿದು ನಡೆದು ಜಾಗ ಗುರುತು ಹಾಕಿ, ಚಿತ್ರದಲ್ಲಿ ಅದೇ ಜಾಗ ಬೇರೆ ಥರ ಕಾಣುತ್ತದಾ ನೋಡಿ. ಊರಿನ ಐವತ್ತು ತೋಟ ಹೀಗೆ ನೋಡಿದರೆ ನಿಮ್ಮ ಕಂಪನಿಗೆ ಅರ್ಥ ಇದೆಯಾ ಇಲ್ಲವಾ ಅಂತ ಆರು ತಿಂಗಳಲ್ಲಿ ಗೊತ್ತಾಗುತ್ತದೆ. ಖರ್ಚು ಅಂದರೆ ಶನಿವಾರದ ಬಸ್ಸು ಚಾರ್ಜು.

ಆ ಐವತ್ತು ಮನೆಗಳ ಜಗುಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಇದನ್ನೂ ಕೇಳಿ: ಇಂಥದ್ದಕ್ಕೆ ನೀವು ವರ್ಷಕ್ಕೆ ಎಷ್ಟು ಕೊಡುತ್ತೀರಿ? ನನ್ನ ಅಂದಾಜಿನಲ್ಲಿ ಎರಡು ಎಕರೆಯವರು ಏನೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ, ಅವರು ದಿನಾ ತೋಟಕ್ಕೆ ಇಳಿಯುತ್ತಾರೆ. ತೋಟಕ್ಕೆ ದಿನಾ ಇಳಿಯಲಾಗದವರಿಗೇ ಮೇಲಿನ ಕಣ್ಣು ಬೇಕಾಗುವುದು. ವಿಮೆ ಕಂಪನಿ, ಸಾಲ ಕೊಡುವ ಬ್ಯಾಂಕು, ಅಡಿಕೆ ಸಹಕಾರ ಸಂಘ, ನೂರಾರು ತೋಟದ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವವರು. ಅವರ ಪ್ರಶ್ನೆ ಬೇರೆ. ಎಲೆಚುಕ್ಕೆ ಅಲ್ಲ, ಈ ಹೋಬಳಿಯಲ್ಲಿ ನಿಜವಾಗಿ ಎಷ್ಟು ಎಕರೆ ತೋಟ ಇದೆ, ಈ ವರ್ಷ ಎಷ್ಟು ಹೊಸ ತೋಟ ಎದ್ದಿದೆ ಅಂತ ಕೇಳಿಯಾರು. ಆ ಉತ್ತರ ಕೊಡಲು 10 ಮೀಟರೇ ಸಾಕಾಗಬಹುದು.

ಇಸ್ರೋ ಬಿಟ್ಟಿ ಹಾರಿಸುತ್ತದಾ ಅನ್ನುವ ಪ್ರಶ್ನೆ. ಇದರಲ್ಲಿ ಅರ್ಧ ಸತ್ಯ ಇದೆ. ವಿದ್ಯಾರ್ಥಿಗಳ ಉಪಗ್ರಹಗಳನ್ನು ಇಸ್ರೋ ಪ್ರೋತ್ಸಾಹಕ್ಕಾಗಿ ಹೊತ್ತೊಯ್ದಿದೆ. 2010ರ ಜುಲೈ 12ರಂದು ಹೋದ ಸ್ಟಡ್‌ಸ್ಯಾಟ್ ಬೆಂಗಳೂರು, ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಕಟ್ಟಿದ್ದು, ತೂಕ ಒಂದು ಕೆಜಿಗೂ ಕಡಿಮೆ. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ಪೈಸ್ಯಾಟ್ 2016ರ ಸೆಪ್ಟೆಂಬರ್ 26ರಂದು ಹೋಯಿತು. ಆ ಮಾತು ಅಲ್ಲಿಂದ ಹುಟ್ಟಿದ್ದು. ಆದರೆ ಕಂಪನಿ ಅಂದ ಮೇಲೆ ನೀವು ವಿದ್ಯಾರ್ಥಿಯಲ್ಲ, ವ್ಯಾಪಾರಿ. ಜಾಗಕ್ಕೆ ದುಡ್ಡು ಕೊಡಬೇಕು. ನಮ್ಮಲ್ಲಿ ಇಸ್ರೋದ ವ್ಯಾಪಾರಿ ಅಂಗಸಂಸ್ಥೆ ಎನ್‌ಎಸ್‌ಐಎಲ್ ಇದೆ. ಹೊರಗೆ ಸ್ಪೇಸ್‌ಎಕ್ಸ್‌ನ ಹಂಚಿಕೆ ರಾಕೆಟ್ಟಿನಲ್ಲಿ 50 ಕೆಜಿಯವರೆಗಿನ ಜಾಗಕ್ಕೆ ಮೂರು ಲಕ್ಷ ಡಾಲರಿಗೂ ಮೇಲೆ. ನಿಮ್ಮಂಥ ಸಣ್ಣವರು ಮಧ್ಯದ ಏಜೆಂಟ್ ಕಂಪನಿಗಳ ಮೂಲಕ ಒಂದು ಸೀಟು ಹಿಡಿಯಬೇಕು.

ಇಷ್ಟಾಗಿಯೂ ದುಡ್ಡು ಕರಗುವುದು ರಾಕೆಟ್ಟಿನಲ್ಲಿ ಅಲ್ಲ, ಸಂಬಳದಲ್ಲಿ. ಹತ್ತು ಜನ, ತಲೆಗೆ ತಿಂಗಳಿಗೆ ಒಂದು ಲಕ್ಷ, ಎರಡು ವರ್ಷ. ಎರಡು ಕೋಟಿ ನಲವತ್ತು ಲಕ್ಷ ಆಯಿತು. ಇನ್ನೂ ಒಂದು ಸ್ಕ್ರೂ ಕೊಂಡಿಲ್ಲ. ಹೊರಗಿಂದ ತರಿಸುವ ರೇಡಿಯೋ, ಬ್ಯಾಟರಿ ಪ್ಯಾಕ್, ದಿಕ್ಕು ಹಿಡಿಯುವ ಚಕ್ರಗಳು, ಕ್ಯಾಮೆರಾ, ಪ್ರತಿಯೊಂದರಲ್ಲೂ ಎರಡು ಕೊಳ್ಳಬೇಕು, ಒಂದು ಹಾರುವುದಕ್ಕೆ, ಒಂದು ಕೆಳಗೆ ಇಟ್ಟುಕೊಂಡು ತಲೆ ಕೆರೆದುಕೊಳ್ಳುವುದಕ್ಕೆ. ರಾಕೆಟ್ ಆರು ತಿಂಗಳು ತಡವಾದರೆ ಆ ಆರು ತಿಂಗಳ ಸಂಬಳವೂ ನಿಮ್ಮದೇ. ರಾಕೆಟ್ ತಡವಾಗದೇ ಹೋಗಿದ್ದು ನಾನು ಕಡಿಮೆ ನೋಡಿದ್ದೇನೆ.

"ಆರ್ಯಭಟವನ್ನು ಪೀಣ್ಯದ ಶೆಡ್ಡಿನಲ್ಲಿ ಕಟ್ಟಲಿಲ್ವಾ ಸರ್" ಅಂತ ಹುಡುಗರು ಕೇಳುತ್ತಾರೆ. ಕಟ್ಟಿದರು. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ತಂಡ, 360 ಕೆಜಿ, 1975ರ ಏಪ್ರಿಲ್ 19ಕ್ಕೆ ಸೋವಿಯತ್ ರಾಕೆಟ್ಟಿನಲ್ಲಿ ಹೋಯಿತು. ಐದು ದಿನದೊಳಗೆ ಕರೆಂಟಿನ ತೊಂದರೆಯಾಗಿ ಅದರ ಪ್ರಯೋಗಗಳು ನಿಂತವು. ಅದನ್ನು ಸೋಲು ಅನ್ನಲಾಗದು, ಕಟ್ಟಿದ್ದೇ ಕಲಿಯುವುದಕ್ಕೆ, ಹಿಂದೆ ಸರ್ಕಾರ ನಿಂತಿತ್ತು. ಬಡ್ಡಿ ಕಟ್ಟುವವರಿಗೆ ಆ ಅನುಕೂಲ ಇರುವುದಿಲ್ಲ.

ಅನುಮತಿಯ ವಿಷಯಕ್ಕೆ ಜನ ಹೆದರುವಷ್ಟು ಹೆದರಬೇಕಿಲ್ಲ, ನಿರ್ಲಕ್ಷ್ಯವೂ ಬೇಡ. ಖಾಸಗಿಯವರು ಉಪಗ್ರಹ ಹಾರಿಸುವಂತಿಲ್ಲ ಅನ್ನುವ ಕಾಲ ಹೋಯಿತು. 2020ರಲ್ಲಿ ಘೋಷಣೆಯಾದ ಇನ್‌ಸ್ಪೇಸ್ ಅನ್ನುವ ಸಂಸ್ಥೆ ಅಹಮದಾಬಾದಿನಲ್ಲಿದೆ, ಒಪ್ಪಿಗೆ ಕೊಡುವುದು ಅದು. 2023ರಲ್ಲಿ ಬಾಹ್ಯಾಕಾಶ ನೀತಿ ಬಂತು, 2024ರ ಮೇ ತಿಂಗಳಲ್ಲಿ ಅರ್ಜಿ ಹಾಕುವ ವಿಧಾನದ ನಿಯಮಗಳೂ ಬಂದವು. ಉಪಗ್ರಹ ಮಾಡುವ ಕಂಪನಿಗೆ ಶೇ. 74ರವರೆಗೆ ವಿದೇಶಿ ಬಂಡವಾಳ ನೇರವಾಗಿ ಬರಬಹುದು. ಬಾಹ್ಯಾಕಾಶ ಕಂಪನಿಗಳಿಗೆ ಅಂತಲೇ 1,000 ಕೋಟಿ ರೂಪಾಯಿಯ ನಿಧಿಗೆ ಕೇಂದ್ರ ಸಂಪುಟ 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ತೋಟ ಮಾರುವ ಮುಂಚೆ ಇಂಥ ಬಾಗಿಲು ತಟ್ಟಬೇಕು.

ಎಡವುವುದು ರೇಡಿಯೋ ತರಂಗಾಂತರದಲ್ಲಿ. ದೆಹಲಿಯ ದೂರಸಂಪರ್ಕ ಇಲಾಖೆಯಿಂದ ಲೈಸೆನ್ಸ್ ಬೇಕು, ಅವರ ಮೂಲಕ ಜಿನೀವಾದ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಕಾಲೇಜಿನಲ್ಲಿ ನೀವು ಹ್ಯಾಮ್ ತರಂಗ ಬಳಸಿರುತ್ತೀರಿ, ಅದು ಹವ್ಯಾಸಕ್ಕೆ ಮಾತ್ರ, ವ್ಯಾಪಾರಕ್ಕೆ ನಡೆಯುವುದಿಲ್ಲ. ಉಪಗ್ರಹದ ಡ್ರಾಯಿಂಗ್ ಶುರುವಾದ ದಿನವೇ ಈ ಕಾಗದವೂ ಶುರುವಾಗಬೇಕು. ಉಪಗ್ರಹ ತಯಾರಾಗಿ, ಕಾಗದ ಬಾರದೆ ಕಪಾಟಿನಲ್ಲಿ ಕೂತಿರುವುದು ಹೊಟ್ಟೆ ಉರಿಸುವ ನೋಟ. ಹಾಗಂತ ಸುಮ್ನೆ ಹಾರಿಸಿಬಿಟ್ಟರೆ? ಅಮೆರಿಕದ ಸ್ವಾರ್ಮ್ ಅನ್ನುವ ಪುಟ್ಟ ಕಂಪನಿ ಹಾಗೇ ಮಾಡಿತು. ಕಾಲು ಡಬ್ಬಿ ಗಾತ್ರದ ನಾಲ್ಕು ಉಪಗ್ರಹ. ಇಷ್ಟು ಚಿಕ್ಕದನ್ನು ಮೇಲೆ ಗುರುತು ಹಿಡಿದು ಹಿಂಬಾಲಿಸುವುದು ಕಷ್ಟ ಅಂತ ಅವರ ದೇಶ ಅನುಮತಿ ಕೊಟ್ಟಿರಲಿಲ್ಲ. 2018ರ ಜನವರಿ 12ರಂದು ಅವು ಶ್ರೀಹರಿಕೋಟದಿಂದ ನಮ್ಮ ಪಿಎಸ್‌ಎಲ್‌ವಿಯಲ್ಲೇ ಹೋದವು. ವರ್ಷದ ಕೊನೆಗೆ ಕಂಪನಿಗೆ ಒಂಬತ್ತು ಲಕ್ಷ ಡಾಲರ್ ದಂಡ ಬಿತ್ತು.

ಮೇಲೆ ಹೋಗಿ ಕೆಟ್ಟರೆ ಏನು ಅಂದಿರಿ. ಏನೂ ಇಲ್ಲ, ಕೆಟ್ಟಿತು, ಅಷ್ಟೆ. ಮೆಕ್ಯಾನಿಕ್ ಕಳಿಸಲಾಗದು. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ಟೇಬಲ್ ಮೇಲೆ ಚೆನ್ನಾಗಿ ಓಡಿದ್ದು ಮೇಲೆ ಯಾಕೆ ಓಡುವುದಿಲ್ಲ?

ನಾನೇ ಇದ್ದ ಒಂದು ತಂಡದ ಕಥೆ ಹೇಳುತ್ತೇನೆ, ಹೆಸರು ಬೇಡ. ಉಪಗ್ರಹ ರಾಕೆಟ್ಟಿನಿಂದ ಹೊರಬಿದ್ದ ಮೇಲೆ ಅರ್ಧ ಗಂಟೆ ಏನನ್ನೂ ಬಿಚ್ಚಬಾರದು, ಮುಕ್ಕಾಲು ಗಂಟೆ ರೇಡಿಯೋ ಹಾಕಬಾರದು, ಪಕ್ಕದ ಉಪಗ್ರಹಗಳಿಗೆ ತೊಂದರೆ ಆಗಬಾರದಲ್ಲ. ಆಮೇಲೆ ಅಳತೆ ಟೇಪಿನ ಹಾಗೆ ಮಡಿಸಿಟ್ಟ ಆಂಟೆನಾ ಬಿಚ್ಚಿಕೊಳ್ಳಬೇಕು. ಅದನ್ನು ಹಿಡಿದಿಡುವುದು ಒಂದು ನೈಲಾನ್ ದಾರ, ಮೀನು ಹಿಡಿಯುವವರು ಬಳಸುವಂಥದ್ದೇ. ದಾರದ ಪಕ್ಕದಲ್ಲಿ ಸಣ್ಣ ತಂತಿ ಇರುತ್ತದೆ, ಅದಕ್ಕೆ ಕರೆಂಟು ಹರಿದು ಕಾದರೆ ದಾರ ಕರಗಿ ತುಂಡಾಗುತ್ತದೆ, ಆಂಟೆನಾ ಚಿಮ್ಮುತ್ತದೆ. ನಮ್ಮ ಲ್ಯಾಬಿನಲ್ಲಿ ನಲವತ್ತು ಸಲ ಮಾಡಿದ್ದೆವು, ನಲವತ್ತು ಸಲವೂ ಮೂರು ಸೆಕೆಂಡಿನಲ್ಲಿ ಟಪ್ ಅಂತ ಬಿಚ್ಚಿತ್ತು. ಆ ರಾತ್ರಿ ಹನ್ನೊಂದು ಜನ ಒಂದು ಕೋಣೆಯಲ್ಲಿ ಕೂತು ಪರದೆ ನೋಡುತ್ತಿದ್ದೆವು. ಮೊದಲ ಸಲ ದಾಟಿ ಹೋಯಿತು, ಸದ್ದಿಲ್ಲ. ಎರಡನೆಯ ಸಲವೂ ಇಲ್ಲ. ಒಬ್ಬ ಹುಡುಗಿ ಗ್ರೌಂಡ್ ಸ್ಟೇಷನ್ನಿನ ಕೇಬಲ್ ಬಿಚ್ಚಿ ಮತ್ತೆ ಹಾಕುತ್ತಲೇ ಇದ್ದಳು, ತಪ್ಪು ನಮ್ಮ ಕಡೆಯದೇ ಇರಲಿ ಅಂತ. ಮೂರನೆಯ ದಿನ ನಾವು ಕೇಳುವುದು ಬಿಟ್ಟು, ಕೆಳಗಿದ್ದ ಜೋಡಿ ಉಪಗ್ರಹವನ್ನು ಚಳಿ ಪೆಟ್ಟಿಗೆಯಲ್ಲಿಟ್ಟು ನೋಡಿದೆವು. ಸಿಕ್ಕಿತು. ಬ್ಯಾಟರಿ ತಣ್ಣಗಾದಾಗ ಆ ತಂತಿಗೆ ಬೇಕಾದ ಕರೆಂಟು ಕೊಡಲು ಹೋದರೆ ಅದರ ವೋಲ್ಟೇಜ್ ಕುಸಿಯುತ್ತಿತ್ತು. ವೋಲ್ಟೇಜ್ ಕುಸಿದರೆ ಕಂಪ್ಯೂಟರ್ ಆರಿ ಮತ್ತೆ ಶುರುವಾಗುತ್ತಿತ್ತು. ಮತ್ತೆ ಕಾಯುವುದು, ಮತ್ತೆ ತಂತಿ ಹಚ್ಚುವುದು, ಮತ್ತೆ ಆರುವುದು. ಮೇಲೆ ಅದು ಇದನ್ನೇ ಮಾಡುತ್ತಾ ಸುತ್ತುತ್ತಿತ್ತು.

ಹಾರುವ ಮುಂಚೆ ಗಾಳಿಯಿಲ್ಲದ ಚೇಂಬರಿನಲ್ಲಿ ಚಳಿಯ ಪರೀಕ್ಷೆ ಮಾಡಿರಲಿಲ್ಲವಾ? ಮಾಡಿದ್ದೆವು. ಆಂಟೆನಾ ಬಿಚ್ಚುವುದನ್ನು ಮಾತ್ರ ಅದರೊಳಗೆ ಮಾಡಿರಲಿಲ್ಲ. ಬಿಚ್ಚಿದರೆ ಮತ್ತೆ ಮಡಿಸಿ ದಾರ ಕಟ್ಟಲು ಚೇಂಬರ್ ತೆಗೆಯಬೇಕು, ಇನ್ನೊಂದು ದಿನದ ಬಾಡಿಗೆ. ಆ ಒಂದು ದಿನ ಉಳಿಸಿದೆವು. ಸಹಿ ನನ್ನದೇ.

ಅದಕ್ಕೇ ಕೊನೆಯ ಗಳಿಗೆಯಲ್ಲಿ ಬೇಡ ಅನ್ನುವ ಧೈರ್ಯ ಇರುವವರನ್ನು ಕಂಡರೆ ನನಗೆ ಗೌರವ. ಬೆಂಗಳೂರಿನ ಪಿಕ್ಸೆಲ್ ಕಂಪನಿ ಗೊತ್ತಿರಬೇಕು, ಅದರ ಸ್ಥಾಪಕರಲ್ಲಿ ಒಬ್ಬರಾದ ಅವೇಸ್ ಅಹ್ಮದ್ ನಿಮ್ಮ ಜಿಲ್ಲೆಯವರೇ, ಆಲ್ದೂರಿನವರು. ಅವರ ಆನಂದ್ ಉಪಗ್ರಹ 2021ರ ಫೆಬ್ರವರಿಯಲ್ಲಿ ಹೋಗಬೇಕಿತ್ತು. ಪರೀಕ್ಷೆಯಲ್ಲಿ ಸಾಫ್ಟ್‌ವೇರ್ ತೊಂದರೆ ಕಂಡಿತು, ರಾಕೆಟ್ಟಿನ ಪಟ್ಟಿಯಿಂದ ವಾಪಸ್ ತೆಗೆದರು. ಅದು ಹಾರಿದ್ದು 2022ರ ನವೆಂಬರ್ 26ಕ್ಕೆ. ಒಂದೂಮುಕ್ಕಾಲು ವರ್ಷ! ಸಣ್ಣ ಕಂಪನಿಗೆ ಅಷ್ಟು ಕಾಯುವುದಕ್ಕೆ ಕೈಯಲ್ಲಿ ಕಾಸಿರಬೇಕು. ಬೆಳೆ ನೋಡುವುದಕ್ಕೆ ಅಂತ ಅವರು 2025ರಲ್ಲಿ ಹಾರಿಸಿದ ಫೈರ್‌ಫ್ಲೈ ಉಪಗ್ರಹಗಳು ಒಂದೊಂದೂ ಸುಮಾರು 50 ಕೆಜಿ. ಅಂಗೈಯಗಲದ ಡಬ್ಬಿಗಳಲ್ಲ.

ನೀವು ಎಲ್ಲ ಸರಿಯಾಗಿ ಮಾಡಿ ರಾಕೆಟ್ ಕೈ ಕೊಡುವುದೂ ಉಂಟು. 2022ರ ಆಗಸ್ಟ್ 7ರಂದು ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟದಲ್ಲಿ 750 ಶಾಲಾ ಹುಡುಗಿಯರು ಸೇರಿ ಮಾಡಿದ ಆಜಾದಿಸ್ಯಾಟ್ ಇತ್ತು. ಕಕ್ಷೆ ತಪ್ಪಿ ಹೋಯಿತು. ಆರು ತಿಂಗಳಲ್ಲಿ ಅವರಿಗೆ ಎರಡನೆಯ ಅವಕಾಶ ಸಿಕ್ಕಿತು, ಅದು ಸರಿಯಾಯಿತು. ಪ್ಲಾನೆಟ್ ಕಂಪನಿ 2014ರ ಅಕ್ಟೋಬರಿನಲ್ಲಿ ಒಂದೇ ಸ್ಫೋಟದಲ್ಲಿ 26 ಉಪಗ್ರಹ ಕಳಕೊಂಡಿತು. ಅವರ ಹತ್ತಿರ ಇನ್ನೂ ಇದ್ದವು, ನಡೆಯಿತು. ಒಂದೇ ಉಪಗ್ರಹ ನಂಬಿ ಕಂಪನಿ ಕಟ್ಟಿದವರಿಗೆ ಅವತ್ತೇ ಬಾಗಿಲು ಮುಚ್ಚುವ ದಿನ.

ಈಗ ನಿಮ್ಮ ಮುಂದಿರುವ ದಾರಿಗಳು. ಉಚಿತ ಚಿತ್ರ ಇಟ್ಟುಕೊಂಡು ಗಿರಾಕಿ ಹುಡುಕುವುದು ಮೊದಲನೆಯದು, ಹೇಳಿ ಆಯಿತು. ಅದನ್ನು ಕೆಲಸ ಬಿಡದೆ ಮಾಡಬಹುದು. ಅಪಾಯ ಇಷ್ಟೇ: ನಾಳೆ ಇನ್ನೊಬ್ಬರೂ ಅದನ್ನೇ ಮಾಡಬಹುದು, ಚಿತ್ರ ಎಲ್ಲರಿಗೂ ಸಿಗುತ್ತದಲ್ಲ. ಆದರೆ ಐವತ್ತು ತೋಟದಲ್ಲಿ ನಡೆದು ಹಾಕಿದ ಗುರುತು ಅವರ ಹತ್ತಿರ ಇರುವುದಿಲ್ಲ.

ಇಲ್ಲ ಸರ್, ನನಗೆ ಚಿತ್ರ ಬೇಡ, ಕೈಯಲ್ಲಿ ಮಾಡುವ ಕೆಲಸವೇ ಬೇಕು ಅಂದರೆ ಇಡೀ ಉಪಗ್ರಹ ಬಿಟ್ಟು ಅದರ ಒಂದು ಅಂಗ ಹಿಡಿಯಿರಿ. ಚಳಿಯಲ್ಲೂ ಬಿಚ್ಚುವ ಆಂಟೆನಾ ಆಗಬಹುದು, ನನ್ನ ಹೊಟ್ಟೆಯುರಿಯೂ ತಣ್ಣಗಾಗುತ್ತದೆ. ಇದನ್ನು ಮೇಲೆ ಪರೀಕ್ಷಿಸಲು ನಮ್ಮ ದೇಶದಲ್ಲಿ ಒಂದು ಒಳ್ಳೆಯ ಅನುಕೂಲ ಇದೆ, ಪೋಯಮ್ ಅಂತ. ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತ ಉಪಗ್ರಹಗಳನ್ನು ಇಳಿಸಿದ ಮೇಲೆ ಖಾಲಿ ಲಾರಿಯ ಹಾಗೆ ಸುತ್ತುತ್ತಿರುತ್ತದೆ. ಅದಕ್ಕೇ ಕರೆಂಟು, ರೇಡಿಯೋ ಕೊಟ್ಟು ಬೇರೆಯವರ ಉಪಕರಣ ಕಟ್ಟಿ ಕಳಿಸುತ್ತಾರೆ. 2024ರ ಡಿಸೆಂಬರ್ 30ರ ಹಾರಾಟದಲ್ಲಿ ಹೀಗೆ 24 ಪ್ರಯೋಗಗಳು ಹೋದವು, ಒಂದರಲ್ಲಿ ಅಲಸಂದೆ ಬೀಜ ನಾಲ್ಕೇ ದಿನಕ್ಕೆ ಮೊಳಕೆಯೊಡೆಯಿತು. ಹೈದರಾಬಾದಿನ ಧ್ರುವ ಸ್ಪೇಸ್ ಮಾಡಿದ್ದೂ ಹೀಗೆ. 2022ರ ಜೂನ್ 30ರಂದು ಪೋಯಮ್ ಮೇಲೆ ಉಪಗ್ರಹ ಹೊರದಬ್ಬುವ ಪೆಟ್ಟಿಗೆಯನ್ನು ಮಾತ್ರ ಪರೀಕ್ಷಿಸಿತು. ಐದು ತಿಂಗಳ ಮೇಲೆ ಥೈಬೋಲ್ಟ್ ಅನ್ನುವ ಎರಡು ಪುಟ್ಟ ಉಪಗ್ರಹ ಹಾರಿಸಿತು. ನಿಮ್ಮ ಅಂಗ ಮೇಲೆ ಓಡಿದೆ ಅಂತ ಒಂದು ಕಾಗದ ಸಿಕ್ಕರೆ ಉಪಗ್ರಹ ಕಟ್ಟುವ ನಾಲ್ಕು ಕಂಪನಿ ನಿಮ್ಮನ್ನೇ ಹುಡುಕಿಕೊಂಡು ಬರುತ್ತವೆ. ಅಪಾಯ ಅಂದರೆ ಮಾರುಕಟ್ಟೆ ಚಿಕ್ಕದು, ವರ್ಷಕ್ಕೆ ಹತ್ತೋ ಇಪ್ಪತ್ತೋ ತುಂಡು ಮಾರಬಹುದು, ಹಣ ನಿಧಾನಕ್ಕೆ ಬರುತ್ತದೆ.

ಕ್ಯಾಮೆರಾ ಮಾತ್ರ ನಿಮ್ಮದು, ಉಪಗ್ರಹ ಬೇರೆಯವರದು, ಬಾಡಿಗೆ ಲೆಕ್ಕ, ಹೀಗೂ ಆಗುತ್ತದೆ. ಗಿರಾಕಿ ಕೈಯಲ್ಲಿದ್ದರೆ ಇದು ಚೆನ್ನ. ಇಲ್ಲದಿದ್ದರೆ ಬೇಡ.

ಪೂರ್ತಿ ಉಪಗ್ರಹವೇ ಕಟ್ಟುವುದಾದರೆ ಎರಡು ವರ್ಷ ಯಾವುದಾದರೂ ಸಣ್ಣ ಉಪಗ್ರಹ ಕಂಪನಿಯಲ್ಲಿ ಕೆಲಸ ಮಾಡಿ ಬನ್ನಿ. ಸಂಬಳ ಈಗಿನದಕ್ಕಿಂತ ಕಡಿಮೆ ಇರಬಹುದು. ಕ್ಲೀನ್ ರೂಮಿನಲ್ಲಿ ಟೋಪಿ ಹಾಕಿಕೊಂಡು ಸ್ಕ್ರೂ ಎಣಿಸುವುದು, ವೈಬ್ರೇಷನ್ ಟೇಬಲ್ ಮೇಲೆ ಅಲುಗಾಡಿಸಿದ ಮೇಲೆ ಒಂದು ಸ್ಕ್ರೂ ಕೆಳಗೆ ಬಿದ್ದಿದ್ದರೆ ಅದು ಎಲ್ಲಿಯದು ಅಂತ ಎರಡು ದಿನ ಹುಡುಕುವುದು, ಇದೆಲ್ಲ ಟೇಬಲ್ ಮೇಲಿನ ಮಾದರಿಯಲ್ಲಿ ಬರುವುದಿಲ್ಲ. ನಿಮ್ಮ ಗೆಳೆಯರಲ್ಲಿ ಒಬ್ಬರು ಸಾಫ್ಟ್‌ವೇರ್, ಒಬ್ಬರು ಎಲೆಕ್ಟ್ರಾನಿಕ್ಸ್ ಇರಬಹುದು. ಪರೀಕ್ಷೆ ಮಾಡುವವರು ಯಾರು ಅಂತ ಈಗಲೇ ಕೇಳಿಕೊಳ್ಳಿ. ಆ ಕೆಲಸಕ್ಕೆ ಯಾರೂ ಕೈ ಎತ್ತುವುದಿಲ್ಲ.

ಇನ್ನು ಅಮ್ಮನ ಪ್ರಶ್ನೆ. ನಿಮ್ಮ ಪತ್ರದ ಪ್ರಶ್ನೆಗಳಲ್ಲಿ ಅದೇ ಒಳ್ಳೆಯದು, ಇನ್‌ಸ್ಪೇಸ್‌ನವರೂ ಅದನ್ನೇ ಕೇಳುತ್ತಾರೆ. 1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಮ್ಮ ಉಪಗ್ರಹದಿಂದ ಯಾರಿಗಾದರೂ ಹಾನಿಯಾದರೆ ಬೇರೆ ದೇಶದವರ ಮುಂದೆ ಹೊಣೆ ಹೊರುವುದು ಭಾರತ. ಹಾಗಾಗಿ ಅದನ್ನು ಹೇಗೆ ಕೆಳಗಿಳಿಸುತ್ತೀರಿ ಅಂತ ನೀವು ಮೊದಲೇ ಬರೆದು ಕೊಡಬೇಕು. ತಲೆ ಮೇಲೆ ಬೀಳುವ ಭಯ ಬೇಡ. ಒಂದೆರಡು ಕೆಜಿಯ ಡಬ್ಬಿ ವಾತಾವರಣಕ್ಕೆ ಇಳಿಯುವಾಗಲೇ ಉರಿದು ಹೋಗುತ್ತದೆ. ಬೀಳದೆ ಮೇಲೇ ಉಳಿದರೆ ಬೇರೆಯವರ ಉಪಗ್ರಹಕ್ಕೆ ಗುದ್ದುತ್ತದೆ, ಅದು ದೊಡ್ಡ ತೊಂದರೆ. 400 ಕಿಲೋಮೀಟರಿನಲ್ಲಿ ಬಿಟ್ಟರೆ ಒಂದೆರಡು ವರ್ಷದಲ್ಲಿ ತಾನಾಗಿ ಇಳಿದು ಬರುತ್ತದೆ, 500ರಲ್ಲಿ ಇನ್ನೂ ಕೆಲವು ವರ್ಷ, 600 ದಾಟಿದರೆ ಹತ್ತು ವರ್ಷಕ್ಕೂ ಮೇಲೆ. ಮೂರನೆಯ ಪೋಯಮ್ಮನ್ನು ಇಸ್ರೋದವರು ಕೆಲಸಕ್ಕೆ ಮುಂಚೆಯೇ 350 ಕಿಲೋಮೀಟರಿಗೆ ಇಳಿಸಿಕೊಂಡಿದ್ದು ಅದಕ್ಕೇ. 2024ರ ಜನವರಿ 1ಕ್ಕೆ ಹೋಗಿದ್ದು ಮಾರ್ಚ್ 21ಕ್ಕೆ ವಾತಾವರಣಕ್ಕೆ ಬಂದು ಮುಗಿಯಿತು. ಅಮ್ಮನಿಗೆ ಇಷ್ಟು ಹೇಳಿ. ಅಷ್ಟರಲ್ಲಿ ಅಕ್ಟೋಬರಿನ ಚಿತ್ರಗಳನ್ನು ಇಳಿಸಿಕೊಂಡು ನಿಮ್ಮ ತೋಟದ ಮೂಲೆ ಕಂಡಿತಾ ಇಲ್ಲವಾ ಅಂತ ನನಗೆ ಬರೆಯಿರಿ.